ಮೂರನೇ ದಿನದ ರಿಪೋರ್ಟು

ನಾನು ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಆಂಟಿಬಯಾಟಿಕ್ ರೆಸಿಸ್ಟೆನ್ಸ್ ಅಂದರೇನೆಂದು ಗೊತ್ತಿಲ್ಲದ ಡಾಕ್ಟರು ಒಬ್ಬರೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಔಷಧಕ್ಕೆ ಬಗ್ಗದ ಸೋಂಕುಗಳ ಬಗ್ಗೆ ಎಲ್ಲೇ ಬರೆದರೂ, ಯಾರೇ ಭಾಷಣ ಮಾಡಿದರೂ ಕೊನೆಗೆ ‘ವೈದ್ಯರಲ್ಲಿ ಅರಿವು ಮೂಡಿಸಬೇಕು’ ಎಂಬಲ್ಲಿಗೆ ತಂದು ನಿಲ್ಲಿಸುತ್ತಾರೆ. ಮಧ್ಯ ಕರ್ನಾಟಕದ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ, ಮೈಕ್ರೋಬಯಾಲಜಿ ಲ್ಯಾಬಿನ ಟೆಕ್ನಿಷಿಯನ್ ಆಗಿ ಸರ್ವೀಸನ್ನೆಲ್ಲ ಕಳೆದ ನಾನು ಕಂಡದ್ದು ಬೇರೆ. ಅರಿವಿಗೆ ಅಲ್ಲಿ ಬರವಿರಲಿಲ್ಲ. ಬೇಕಾದ ದಿನ, ಬೇಕಾದ ರೋಗಿಯ ಮಂಚದ ಪಕ್ಕ ಅದು ಒದಗಿ ಬರುತ್ತಿರಲಿಲ್ಲ.

ನಿವೃತ್ತಿ ಹತ್ತಿರವಾಗಿದ್ದಾಗ ಪಿ.ಜಿ. ವಿದ್ಯಾರ್ಥಿನಿಯೊಬ್ಬಳು ತನ್ನ ಥೀಸಿಸ್‌ಗಾಗಿ ಒಂದು ಪ್ರಶ್ನಾವಳಿ ಹಂಚಿದ್ದಳು. ವೈರಲ್ ಜ್ವರಕ್ಕೆ ಆಂಟಿಬಯಾಟಿಕ್ ಬೇಕೇ? ಎಂ.ಆರ್.ಎಸ್.ಎ. ಎಂದರೇನು? ಆಪರೇಷನ್‌ಗೆ ಮುಂಚೆ ಎಷ್ಟು ಡೋಸ್ ಸಾಕು? ಹೌಸ್ ಸರ್ಜನ್‌ಗಳಿಂದ ಹಿಡಿದು ಪ್ರೊಫೆಸರ್‌ಗಳ ತನಕ ಹೆಚ್ಚುಕಡಿಮೆ ಎಲ್ಲರೂ ಸರಿಯಾದ ಉತ್ತರ ಬರೆದಿದ್ದರು. ಆ ಹಾಳೆಗಳನ್ನು ಜೋಡಿಸಿಡಲು ಅವಳಿಗೆ ನಾನು ಕೈಜೋಡಿಸಿದ್ದೆ. ಅದೇ ವಾರ ಅವಳು ವಾರ್ಡುಗಳ ಕೇಸ್ ಶೀಟುಗಳನ್ನೂ ತಿರುವಿ ಹಾಕುತ್ತಿದ್ದಳು. ಸಾದಾ ನೆಗಡಿ ಕೆಮ್ಮಿಗೆ ಅಜಿಥ್ರೋಮೈಸಿನ್. ಆಪರೇಷನ್‌ಗೆ ಮುಂಚೆ ಒಂದು ಡೋಸ್ ಸಾಕಾಗುವ ಕಡೆ ಹೊಲಿಗೆ ಬಿಚ್ಚುವ ತನಕ ಇಂಜೆಕ್ಷನ್. “ಮೇಡಂ, ಪೇಪರ್‌ನಲ್ಲಿ ಸರಿ ಬರೆದವರೂ ಇವರೇ, ಕೇಸ್ ಶೀಟಲ್ಲಿ ಹೀಗೆ ಬರೆದವರೂ ಇವರೇ” ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು.

ನನಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ರಾತ್ರಿ ಎರಡು ಗಂಟೆಗೆ ಕ್ಯಾಶುವಾಲ್ಟಿಗೆ ಬಂದ ರೋಗಿಗೆ ಮೈ ಸುಡುತ್ತಿದೆ, ಬಿ.ಪಿ. ಇಳಿಯುತ್ತಿದೆ, ಸುತ್ತ ಹತ್ತು ಜನ ನೆಂಟರು ನಿಂತಿದ್ದಾರೆ. ಇನ್ನೂ ಮೀಸೆ ಬಲಿಯದ ಹುಡುಗನ ಕೈಯಲ್ಲಿ ಪೆನ್ನಿದೆ. ‘ಕವರ್ ಮಾಡೋಣ’ ಅನ್ನುತ್ತಾನೆ. ಯಾವ ರೋಗಾಣು ಎಂದು ಗೊತ್ತಿಲ್ಲದಿದ್ದರೂ ದೊಡ್ಡ ಔಷಧವೊಂದನ್ನು ಶುರು ಮಾಡುತ್ತಾನೆ. ಆ ಮೊದಲ ರಾತ್ರಿಯ ನಿರ್ಧಾರವನ್ನು ನಾನು ಎಂದೂ ತಪ್ಪೆಂದು ಎಣಿಸಿಲ್ಲ. ಸೆಪ್ಸಿಸ್ ಆದವರಿಗೆ ಒಂದೊಂದು ಗಂಟೆಯೂ ಮುಖ್ಯ. ಕಲ್ಚರ್ ರಿಪೋರ್ಟಿಗೆ ಕಾಯುತ್ತ ಕೂತರೆ ಜೀವ ಹೋಗುತ್ತದೆ. ಔಷಧ ಶುರುವಾಗುವ ಮುನ್ನ ರಕ್ತವನ್ನೋ ಕೀವನ್ನೋ ತೆಗೆದು ನಮಗೆ ಕಳಿಸಿದರೆ ಆ ರಾತ್ರಿಯ ಮಟ್ಟಿಗೆ ಆ ಹುಡುಗ ತನ್ನ ಕೆಲಸ ಮಾಡಿದ ಹಾಗೆ. ನನ್ನ ತಕರಾರು ಇರುವುದು ಮೂರನೇ ದಿನದ ಬಗ್ಗೆ.

ಬ್ಯಾಕ್ಟೀರಿಯಾ ಬೆಳೆಯುವುದಕ್ಕೆ ಅದರದ್ದೇ ಹೊತ್ತು ಬೇಕು, ಅವಸರಿಸಿದರೆ ನಡೆಯುವುದಿಲ್ಲ. ಬೆಳಿಗ್ಗೆ ಬಂದ ಕೀವಿನ ಸ್ವಾಬನ್ನು ಕುರಿ ರಕ್ತ ಬೆರೆಸಿದ ಬ್ಲಡ್ ಅಗಾರ್ ಮೇಲೆ, ಮ್ಯಾಕಾಂಕಿ ಅಗಾರ್ ಮೇಲೆ ಎಳೆದು 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಇಡುತ್ತಿದ್ದೆವು. ಮಾರನೆಯ ಬೆಳಿಗ್ಗೆ ತೆರೆದರೆ ಕಾಲೊನಿಗಳು ಎದ್ದಿರುತ್ತಿದ್ದವು. ಕ್ಲೆಬ್ಸಿಯೆಲ್ಲ ಆದರೆ ಮ್ಯಾಕಾಂಕಿ ಮೇಲೆ ಗುಲಾಬಿ ಬಣ್ಣದ ಲೋಳೆ. ಸ್ಯೂಡೊಮೊನಾಸ್ ಆದರೆ ಪ್ಲೇಟಿನ ಮುಚ್ಚಳ ಎತ್ತುವಾಗಲೇ ಹಣ್ಣಿನಂಥ ಸಿಹಿವಾಸನೆ ಮೂಗಿಗೆ ಬಡಿಯುತ್ತಿತ್ತು. ಆ ಕಾಲೊನಿಯನ್ನು ಸಲೈನ್‌ನಲ್ಲಿ ಕದಡಿ, ಹದ ನೋಡಿ, ಮ್ಯೂಲರ್ ಹಿಂಟನ್ ಪ್ಲೇಟಿನ ಮೇಲೆ ಒಂದೇ ಸಮ ಸವರಿ, ಚಿಮಟದಿಂದ ಆಂಟಿಬಯಾಟಿಕ್ ಬಿಲ್ಲೆಗಳನ್ನು ಇಡಬೇಕು. ಮತ್ತೆ ಒಂದು ರಾತ್ರಿ. ಮೂರನೇ ದಿನ ಬೆಳಿಗ್ಗೆ ಪ್ಲೇಟನ್ನು ಕಪ್ಪು ಬಟ್ಟೆಯ ಮೇಲೆ ಹಿಡಿದು, ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ವರ್ತುಲವನ್ನು ಸ್ಕೇಲಿಟ್ಟು ಅಳೆಯುತ್ತಿದ್ದೆ. ಅಗಲವಿದ್ದರೆ ಎಸ್, ಅಂದರೆ ರೋಗಾಣು ಆ ಔಷಧಕ್ಕೆ ಬಗ್ಗುತ್ತದೆ; ನಡುವೆ ಇದ್ದರೆ ಐ; ಕಿರಿದಾಗಿದ್ದರೆ ಅಥವಾ ಏನೂ ಇಲ್ಲದಿದ್ದರೆ ಆರ್, ಅಂದರೆ ಬಗ್ಗುವುದಿಲ್ಲ. ಆ ಮೂರು ಅಕ್ಷರಗಳನ್ನು ತುಂಬಿದ ಕಾಗದ ಮಧ್ಯಾಹ್ನದ ಹೊತ್ತಿಗೆ ಮೇಲಿನ ವಾರ್ಡಿಗೆ ಹೋಗುತ್ತಿತ್ತು.

ಆ ಕಾಗದಕ್ಕೆ ಏನಾಗುತ್ತಿತ್ತು? ಗ್ರೂಪ್ ಡಿ ನೌಕರ ಅದನ್ನು ನರ್ಸಿಂಗ್ ಸ್ಟೇಷನ್ನಿನ ಟ್ರೇಗೆ ಹಾಕುತ್ತಿದ್ದ. ಬೆಳಗಿನ ರೌಂಡ್ಸ್ ಮುಗಿದಿರುತ್ತಿತ್ತು. ಸಂಜೆ ಡ್ಯೂಟಿಯ ಸಿಸ್ಟರ್ ಪುರುಸೊತ್ತಾದಾಗ ಕೇಸ್ ಶೀಟಿನ ಹಿಂಬದಿಗೆ ಅಂಟಿಸುತ್ತಿದ್ದರು. ಮಾರನೆಯ ದಿನದ ರೌಂಡ್ಸಿನಲ್ಲಿ ಕೇಸ್ ಶೀಟಿನ ಮುಂದಿನ ಹಾಳೆಯೇ ತೆರೆಯುತ್ತಿತ್ತು. ಜ್ವರ ಇಳಿದಿದ್ದರೆ ‘ಸಿ.ಎಸ್.ಟಿ.’, ಅಂದರೆ ಇದೇ ಚಿಕಿತ್ಸೆ ಮುಂದುವರಿಸಿ. ಇಳಿಯದಿದ್ದರೆ ಇನ್ನೂ ಒಂದು ಮೆಟ್ಟಿಲು ಮೇಲಿನ ಔಷಧ. ಹಿಂದಿನ ಹಾಳೆಯಲ್ಲಿ, ಅಗ್ಗದ ಜೆಂಟಾಮೈಸಿನ್ ಎದುರಿಗೆ ನಾನೇ ಕೈಯಾರೆ ಬರೆದ ಎಸ್ ಅಕ್ಷರ ಅಂಟಿನ ಸಮೇತ ಒಣಗುತ್ತಿತ್ತು. ಡಿಸ್ಚಾರ್ಜ್ ಆಗಿ ಊರು ಸೇರಿದ ರೋಗಿಗಳ ರಿಪೋರ್ಟುಗಳು ಟ್ರೇಯಲ್ಲೇ ಉಳಿದಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅದನ್ನು ನೋಡುವಾಗ ಆಗುತ್ತಿದ್ದ ಸಂಕಟ ಈಗಲೂ ಕಡಿಮೆಯಾಗಿಲ್ಲ.

ಇದಕ್ಕೆ ತದ್ವಿರುದ್ಧವಾದ ಒಂದು ನೆನಪನ್ನು ವಿವರವಾಗಿ ಹೇಳಬೇಕು. ಅದು ಟೈಫಾಯ್ಡ್‌ನ ಕಥೆ.

ನಾನು ಕೆಲಸಕ್ಕೆ ಸೇರಿದ ಹೊತ್ತಿಗೆ ಟೈಫಾಯ್ಡ್‌ಗೆ ಕ್ಲೋರಾಂಫೆನಿಕಾಲ್ ಕೊಡುವ ಕಾಲ ಮುಗಿಯುತ್ತ ಬಂದಿತ್ತು. 1972ರಲ್ಲೇ ಕೇರಳದ ಕಲ್ಲಿಕೋಟೆಯಲ್ಲಿ ಆ ಔಷಧಕ್ಕೆ ಬಗ್ಗದ ಟೈಫಾಯ್ಡ್ ಹಬ್ಬಿತ್ತು. 1990ರ ಆಸುಪಾಸಿಗೆ ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಮೂರಕ್ಕೂ ಜಗ್ಗದ ತಳಿ ದೇಶದ ಹಲವು ಕಡೆ ಕಾಣಿಸಿಕೊಂಡಿತು. ಆಗ ಕೈಹಿಡಿದದ್ದು ಸಿಪ್ರೋಫ್ಲಾಕ್ಸಸಿನ್. ಮಾತ್ರೆ ನುಂಗಿದ ಕೆಲವೇ ದಿನಗಳಲ್ಲಿ ಜ್ವರ ಇಳಿಯುತ್ತಿತ್ತು. ಇಂಜೆಕ್ಷನ್ ಬೇಕಿರಲಿಲ್ಲ, ಅಡ್ಮಿಟ್ ಆಗಬೇಕಿರಲಿಲ್ಲ. ಆ ನೆಮ್ಮದಿ ಬಹಳ ಕಾಲ ಉಳಿಯಲಿಲ್ಲ. ಜಗಳೂರು, ಹರಪನಹಳ್ಳಿ ಕಡೆಯಿಂದ ಬರುತ್ತಿದ್ದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಲ್ಯಾಬಿನ ಕಿಟಕಿಯ ಹತ್ತಿರ ನಿಂತು “ಜ್ವರ ಇಳೀವಲ್ದು ಮೇಡಮ್ಮಾರೆ, ಇನ್ನೊಂದ್ಸಲ ರಕ್ತ ತಗೋತೀರಾ” ಎಂದು ಕೇಳತೊಡಗಿದರು. ನಮ್ಮ ಪ್ಲೇಟಿನಲ್ಲಿ ಮಾತ್ರ ಸಿಪ್ರೋ ಬಿಲ್ಲೆಯ ಸುತ್ತ ಕಣ್ಣಿಗೆ ತಂಪಾಗುವಷ್ಟು ಅಗಲದ ವರ್ತುಲ. ಆಗಿನ ಪಟ್ಟಿಯ ಪ್ರಕಾರ 21 ಮಿಲಿಮೀಟರ್ ಇದ್ದರೆ ಎಸ್. ನಮ್ಮಲ್ಲಿ ಅದಕ್ಕಿಂತ ಹೆಚ್ಚೇ ಬರುತ್ತಿತ್ತು.

ಒಂದು ಮಧ್ಯಾಹ್ನ ಮೆಡಿಸಿನ್ ವಿಭಾಗದ ಹಿರಿಯ ಪ್ರೊಫೆಸರ್ ಒಬ್ಬರು ಸೀದಾ ನಮ್ಮ ಬೆಂಚಿನ ಹತ್ತಿರ ಬಂದು ನಿಂತರು. ಅಂಥ ದೊಡ್ಡವರು ಲ್ಯಾಬಿಗೆ ಇಳಿದು ಬರುವ ವಾಡಿಕೆಯೇ ಇರಲಿಲ್ಲ. “ಏನಮ್ಮಾ, ನಿನ್ನ ಬಿಲ್ಲೆ ಎಸ್ ಅಂತದೆ, ನನ್ನ ಪೇಷೆಂಟು ಆರ್ ಅಂತಾನೆ. ಯಾರನ್ನ ನಂಬಲಿ?” ಅಂದರು. ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದ ಮೇಡಂ ಪ್ರೊಫೆಸರನ್ನು ಕೂರಿಸಿ, ಆ ರೋಗಿಯ ಸಾಲ್ಮೊನೆಲ್ಲವನ್ನು ಮತ್ತೆ ಬೆಳೆಸಿ, ಈ ಸಲ ಸಿಪ್ರೋ ಪಕ್ಕದಲ್ಲಿ ನಾಲಿಡಿಕ್ಸಿಕ್ ಆಸಿಡ್ ಬಿಲ್ಲೆಯನ್ನೂ ಇಡಲು ಹೇಳಿದರು. ನಾಲಿಡಿಕ್ಸಿಕ್ ಆಸಿಡ್ ಅದೇ ಮನೆತನದ ಹಳೆಯ ಔಷಧ. ಮಾರನೆಯ ದಿನ ಪ್ರೊಫೆಸರ್ ಮತ್ತೆ ಬಂದರು. ಸಿಪ್ರೋ ಸುತ್ತ ವರ್ತುಲವಿತ್ತು. ನಾಲಿಡಿಕ್ಸಿಕ್ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದು ಬಿಲ್ಲೆಗೆ ಮೈತಾಗಿಸಿಕೊಂಡಿತ್ತು. ಹಳೆಯ ಔಷಧಕ್ಕೆ ಪೂರ್ತಿ ಬಗ್ಗದ ರೋಗಾಣು ಹೊಸದಕ್ಕೆ ಅರ್ಧ ಬಗ್ಗದಂತಾಗಿದೆ. ಪ್ಲೇಟಿನಲ್ಲಿ ಅದು ಕಾಣದಿದ್ದರೂ ಮೈಯೊಳಗೆ ಕಾಣುತ್ತದೆ ಎಂದು ಮೇಡಂ ಬಿಡಿಸಿ ಹೇಳಿದರು. ಪ್ರೊಫೆಸರ್ ತಲೆ ಬಗ್ಗಿಸಿ ಪ್ಲೇಟು ನೋಡುತ್ತಲೇ ಇದ್ದರು. ಅಂದಿನಿಂದ ಟೈಫಾಯ್ಡ್‌ನ ಪ್ರತಿ ಪ್ಲೇಟಿನಲ್ಲೂ ಆ ಹಳೆಯ ಬಿಲ್ಲೆ ಇಟ್ಟೆವು, ಅವರ ಯೂನಿಟ್ಟಿನಲ್ಲಿ ಆ ರಿಪೋರ್ಟು ಓದದೆ ಯಾರೂ ಸಿಪ್ರೋ ಮುಂದುವರಿಸಲಿಲ್ಲ. ಜಗತ್ತಿನ ಲ್ಯಾಬುಗಳು ನೋಡಿಕೊಳ್ಳುವ ಅಮೆರಿಕದ ಸಿ.ಎಲ್.ಎಸ್.ಐ. ಪಟ್ಟಿಯಲ್ಲಿ ಟೈಫಾಯ್ಡ್ ರೋಗಾಣುವಿಗೆ ಸಿಪ್ರೋ ಎಸ್ ಅನ್ನಲು 31 ಮಿಲಿಮೀಟರ್ ಬೇಕು ಎಂದು ತಿದ್ದಿದ್ದು 2012ರಲ್ಲಿ.

ಇನ್ನೊಂದು ವಿಷಯವನ್ನೂ ಅದೇ ಬೆಂಚಿನ ಮೇಲೆ ಕಂಡೆವು. ಬಹಳ ವರ್ಷ ಯಾರೂ ಬಳಸದೆ ಬಿಟ್ಟಿದ್ದ ಕ್ಲೋರಾಂಫೆನಿಕಾಲ್‌ಗೆ ಟೈಫಾಯ್ಡ್ ರೋಗಾಣು ಮತ್ತೆ ಬಗ್ಗತೊಡಗಿತು. ಬೇರೆ ಊರುಗಳ ಲ್ಯಾಬುಗಳಲ್ಲೂ ಹೀಗೇ ಆಗಿತ್ತು. ಆ ವರ್ತುಲ ವರ್ಷದಿಂದ ವರ್ಷಕ್ಕೆ ಅಗಲವಾಗುವುದನ್ನು ನೋಡುವುದು ನನ್ನ ಕೆಲಸದಲ್ಲಿ ಸಿಕ್ಕ ದೊಡ್ಡ ಸಂತೋಷಗಳಲ್ಲೊಂದು. ಔಷಧಕ್ಕೆ ವಿಶ್ರಾಂತಿ ಕೊಟ್ಟರೆ ಕೆಲವು ಸಲ ಅದು ವಾಪಸ್ ಬರುತ್ತದೆ. ಎಲ್ಲ ಔಷಧಕ್ಕೂ, ಎಲ್ಲ ರೋಗಾಣುವಿಗೂ ಈ ಮಾತು ಹೇಳಲಾಗದು.

ಹೇಳಲಾಗದು ಎಂಬುದು 2010ರ ನಂತರ ಸ್ಪಷ್ಟವಾಯಿತು. ಆ ವರ್ಷ ಆಗಸ್ಟಿನಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಎನ್.ಡಿ.ಎಂ.-1 ಬಗ್ಗೆ ಅಧ್ಯಯನ ಬಂತು. ಮೆರೊಪೆನೆಮ್‌ನಂಥ ದೊಡ್ಡ ಔಷಧಗಳನ್ನೇ ಕತ್ತರಿಸಿ ಹಾಕುವ ಕಿಣ್ವ ಅದು. ದೆಹಲಿಯಲ್ಲಿ ಚಿಕಿತ್ಸೆ ಪಡೆದಿದ್ದ, ಸ್ವೀಡನ್ನಿನಲ್ಲಿ ನೆಲೆಸಿದ್ದ ಭಾರತ ಮೂಲದ ರೋಗಿಯೊಬ್ಬರಲ್ಲಿ 2008ರಲ್ಲಿ ಮೊದಲು ಸಿಕ್ಕಿದ್ದರಿಂದ ನ್ಯೂಡೆಲ್ಲಿ ಎಂಬ ಹೆಸರು ಅದಕ್ಕೆ ಅಂಟಿತ್ತು. ದೇಶದ ಹೆಸರು ಕೆಡಿಸುವ ಹುನ್ನಾರ ಎಂದು ಸಂಸತ್ತಿನವರೆಗೂ ಗದ್ದಲವಾಯಿತು. ಹೆಸರಿನ ಜಗಳ ಎಷ್ಟು ಜೋರಾಯಿತೆಂದರೆ ವಿಷಯವನ್ನು ಯಾರೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಚೆನ್ನೈ, ಹರಿಯಾಣಗಳ ಆಸ್ಪತ್ರೆಗಳ ಮಾದರಿಗಳಲ್ಲಿ ಅದು ಸಿಕ್ಕಿತ್ತು. ಮೆರೊಪೆನೆಮ್ ಬಿಲ್ಲೆಯ ಸುತ್ತಲಿನ ವರ್ತುಲ ಕುಗ್ಗುತ್ತ ಬಂದದ್ದು ನಮ್ಮ ಬೆಂಚಿನ ಮೇಲೂ ಕಾಣುತ್ತಿತ್ತು.

ಮೆಕ್ಕೆಜೋಳ ಬೆಳೆಯುವ ರೈತನೊಬ್ಬನ ಕಾಲಿನ ಕೀವು ನಮ್ಮಲ್ಲಿಗೆ ಬಂದದ್ದು ಅದಾದ ಕೆಲವು ವರ್ಷಕ್ಕೆ. ಸಕ್ಕರೆ ಕಾಯಿಲೆ. ಹೊಲದಲ್ಲಿ ಮುಳ್ಳು ಚುಚ್ಚಿ ಆದ ಗಾಯ. ಊರಲ್ಲಿ, ಪೇಟೆಯಲ್ಲಿ, ಸಿಕ್ಕಸಿಕ್ಕ ಕಡೆ ಇಂಜೆಕ್ಷನ್ ಹಾಕಿಸಿಕೊಂಡು ಬಂದಿದ್ದ. ಅವನ ಹೆಂಡತಿಯ ಕೈಚೀಲದ ತುಂಬ ಅರ್ಧ ಖಾಲಿಯಾದ ಮಾತ್ರೆ ಪಟ್ಟಿಗಳು. ಒಂದೊಂದು ಕಡೆ ಎರಡು ದಿನ, ಮೂರು ದಿನ. ಗುಣ ಕಾಣದಿದ್ದಾಗ ಬೇರೆ ಡಾಕ್ಟರು. ಮೂರನೇ ದಿನ ಅವನ ಪ್ಲೇಟು ತೆಗೆದಾಗ ಬಿಲ್ಲೆಗಳ ಸುತ್ತ ಎಲ್ಲೂ ಖಾಲಿ ಜಾಗವಿರಲಿಲ್ಲ. ಕ್ಲೆಬ್ಸಿಯೆಲ್ಲ ಪ್ಲೇಟಿನ ಅಂಚಿನಿಂದ ಅಂಚಿಗೆ ಹರಡಿಕೊಂಡಿತ್ತು. ರಿಪೋರ್ಟಿಗಾಗಿ ಬಂದಿದ್ದ ಸರ್ಜರಿಯ ಪಿ.ಜಿ. ಹುಡುಗ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, “ಮೇಡಂ, ಒಂದಾದರೂ ಎಸ್ ಇಲ್ವಾ?” ಅಂದ. ಉಳಿದದ್ದು ಕೊಲಿಸ್ಟಿನ್. ಅದನ್ನು ಬಿಲ್ಲೆಯಲ್ಲಿ ನೋಡಲು ಬರುವುದಿಲ್ಲ. ಅದರ ಅಣು ದಪ್ಪವಾಗಿರುವುದರಿಂದ ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ದ್ರವದಲ್ಲಿ ಹಂತಹಂತವಾಗಿ ತೆಳು ಮಾಡಿ ಪರೀಕ್ಷಿಸಬೇಕು. ಮಾಡಿಕೊಟ್ಟೆವು. ರೋಗಾಣು ಬಗ್ಗಿತು. ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆಂದು ಎಂದೋ ಮೂಲೆಗೆ ಸೇರಿಸಿದ್ದ ಆ ಹಳೆಯ ಔಷಧವನ್ನು, ದಿನವೂ ಕ್ರಿಯಾಟಿನಿನ್ ನೋಡಿಕೊಳ್ಳುತ್ತ, ಅಳೆದು ಅಳೆದು ಕೊಟ್ಟರು. ಮೊಣಕಾಲ ಕೆಳಗೆ ಕಾಲು ತೆಗೆಯಬೇಕಾಯಿತು. ಮನುಷ್ಯ ಉಳಿದ. ಅವನ ಹೆಂಡತಿ ಕಾರಿಡಾರಿನ ಬೆಂಚಿನ ಮೇಲೆ ಕೂತು “ಇಷ್ಟೊಂದು ಔಷಧ ತಿನ್ಸಿದೆ ಅಕ್ಕಾ, ಒಂದೂ ಹತ್ತಲಿಲ್ಲ” ಎಂದಾಗ ಅವಳಿಗೆ ನಾನು ಹೇಳಬಹುದಾದ ಮಾತು ಯಾವುದೂ ಇರಲಿಲ್ಲ. ಅವಳು ಯಾರಿಗೂ ಮೋಸ ಮಾಡಿರಲಿಲ್ಲ. ಬರೆದುಕೊಟ್ಟದ್ದನ್ನು ಕೊಂಡಿದ್ದಳು, ದುಡ್ಡು ಇರುವಷ್ಟು ದಿನ.

ಆ ಪಿ.ಜಿ. ಹುಡುಗ ಮುಂದೆ ಅದೇ ಆಸ್ಪತ್ರೆಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆದರು. ಅವರು ಮಾಡಿದ ಒಂದು ಸಣ್ಣ ಕೆಲಸವನ್ನು ನಾನು ಯಾವ ದೊಡ್ಡ ಯೋಜನೆಗಿಂತಲೂ ಮೇಲಿಡುತ್ತೇನೆ. ಪೇಟೆಯಲ್ಲಿ ಒಂದು ರಬ್ಬರ್ ಸ್ಟಾಂಪ್ ಮಾಡಿಸಿ ತಂದರು. ಅದರಲ್ಲಿ ಇದ್ದದ್ದು: ‘ಕಲ್ಚರ್ ನೋಡಿದೆ. ನಿಲ್ಲಿಸಿ / ಬದಲಿಸಿ / ಮುಂದುವರಿಸಿ. ಕಾರಣ.’ ಕೆಳಗೆ ಸಹಿಗೆ ಜಾಗ. ಆಂಟಿಬಯಾಟಿಕ್ ಶುರುವಾದ ಮೂರನೇ ದಿನ ವಾರ್ಡ್ ಸಿಸ್ಟರ್ ಆ ಸ್ಟಾಂಪನ್ನು ಕೇಸ್ ಶೀಟಿನ ಮುಂದಿನ ಹಾಳೆಗೇ ಹೊಡೆಯಬೇಕು. ಡಾಕ್ಟರು ಅದನ್ನು ತುಂಬದೆ ರೌಂಡ್ಸ್ ಮುಂದೆ ಹೋಗಕೂಡದು. ಮೊದಲ ವಾರ ಗೊಣಗಾಟವಿತ್ತು. ಆಮೇಲೆ ನಮ್ಮ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳತೊಡಗಿತು. “ಮೇಡಂ, ಹನ್ನೆರಡನೇ ಬೆಡ್ಡಿನ ಕಲ್ಚರ್ ಬಂತಾ? ಸಿಸ್ಟರ್ ಸ್ಟಾಂಪ್ ಹಾಕಿಬಿಟ್ಟಿದಾರೆ!” ‘ನಿಲ್ಲಿಸಿ’ ಎಂಬುದಕ್ಕೆ ಗುರುತು ಬೀಳುವುದನ್ನು ನಾನು ಮೊದಲ ಸಲ ಆ ವಾರ್ಡಿನಲ್ಲಿ ಕಂಡೆ. ಔಷಧ ಶುರು ಮಾಡಲು ಬೇಕಾದ ಧೈರ್ಯಕ್ಕಿಂತ ನಿಲ್ಲಿಸಲು ಬೇಕಾದ ಧೈರ್ಯ ದೊಡ್ಡದು. ನಿಲ್ಲಿಸಿದ ಮೇಲೆ ಹೆಚ್ಚುಕಡಿಮೆಯಾದರೆ ಬೆರಳು ತೋರಿಸುವುದು ನಿಲ್ಲಿಸಿದವರ ಕಡೆಗೇ. ಸಹಿಯ ಪಕ್ಕದಲ್ಲಿ ಕಾರಣ ಬರೆದಿದ್ದರೆ ಆ ಭಯ ಸ್ವಲ್ಪ ಇಳಿಯುತ್ತದೆ. ಪಕ್ಕದ ಎರಡು ಯೂನಿಟ್ಟಿನವರು ಸ್ಟಾಂಪ್ ಎರವಲು ಪಡೆದರು, ಉಳಿದವರು ಪಡೆಯಲಿಲ್ಲ.

ಆರೋಗ್ಯ ಸಿಬ್ಬಂದಿ ಅಂದ ಕೂಡಲೇ ಎಲ್ಲರಿಗೂ ಡಾಕ್ಟರೇ ಕಣ್ಣಿಗೆ ಬರುತ್ತಾರೆ. ಐಸಿಯುದಲ್ಲಿ ಒಂದು ಮಂಚದ ರೋಗಾಣು ಪಕ್ಕದ ಮಂಚಕ್ಕೆ ಹೋಗುವುದು ಯಾರ ಕೈಯಿಂದ ಎಂದು ಕೇಳಿದರೆ ಪಟ್ಟಿ ಉದ್ದವಾಗುತ್ತದೆ. ಒಮ್ಮೆ ನಮ್ಮ ಮೇಡಂ ಸಿಸ್ಟರ್‌ಗಳಿಗೆ ಕೈತೊಳೆಯುವ ತರಬೇತಿ ಇಟ್ಟಿದ್ದರು. ಪ್ರತಿಯೊಬ್ಬರೂ ಬ್ಲಡ್ ಅಗಾರ್ ಪ್ಲೇಟಿನ ಒಂದು ಅರ್ಧಕ್ಕೆ ತೊಳೆಯುವ ಮುನ್ನ ಬೆರಳೊತ್ತಬೇಕು, ಇನ್ನೊಂದು ಅರ್ಧಕ್ಕೆ ತೊಳೆದ ಮೇಲೆ. ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದ ಆಯಾ ಒಬ್ಬರು ನೋಡುತ್ತ ನಿಂತಿದ್ದರು. “ನಾನೂ ಒತ್ಲಾ ಮೇಡಂ?” ಅಂದರು. ಆಕೆಯ ಹೆಸರು ತರಬೇತಿಯ ಪಟ್ಟಿಯಲ್ಲಿರಲಿಲ್ಲ. ಒಂದು ಪ್ಲೇಟು ಕೊಟ್ಟೆ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಆಕೆಯೇ ಬಂದರು. ಪ್ಲೇಟಿನ ಒಂದು ಕಡೆ ಐದು ಬೆರಳ ಗುರುತೂ ಕಾಲೊನಿಗಳಿಂದ ತುಂಬಿ ಹೋಗಿದ್ದವು. ಬೆರಳಿನ ಆಕಾರ ಹಾಗೇ ಎದ್ದು ಬಂದಿತ್ತು. ಇನ್ನೊಂದು ಕಡೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಬಹಳ ಹೊತ್ತು ನೋಡಿದರು. “ಇವು ಎಲ್ಲಾ ನನ್ ಕೈಯಾಗ ಇದ್ವಾ? ಇದೇ ಕೈಯಾಗ ಆ ಹುಡುಗಿಗೆ ಬೆಡ್‌ಪ್ಯಾನ್ ಕೊಟ್ಟು, ಪಕ್ಕದ ಅಜ್ಜಿಗೆ ಮಗ್ಗುಲ ತಿರುಗ್ಸೀನಿ” ಅಂದರು. ಎಷ್ಟೋ ವರ್ಷ ಐಸಿಯುದಲ್ಲಿ ದುಡಿದಿದ್ದ ಆಕೆಗೆ ಯಾರೂ ಅದುವರೆಗೆ ಒಂದು ಪ್ಲೇಟು ತೋರಿಸಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕೈತೊಳೆಯುವ ಐದು ಸಂದರ್ಭಗಳ ಚಿತ್ರಪಟ ಗೋಡೆಯ ಮೇಲೆ ಇತ್ತು, ಇಂಗ್ಲಿಷಿನಲ್ಲಿ. ಅದಾದ ಮೇಲೆ ಆಕೆ ಹೌಸ್ ಸರ್ಜನ್‌ಗಳನ್ನೂ ಬಿಡುತ್ತಿರಲಿಲ್ಲ. “ಸಾರ್, ಕೈಗೆ ರಬ್ ಹಾಕ್ಕೊಂಡು ಮುಟ್ರಿ” ಎಂದು ಜೋರಾಗಿ ಹೇಳುತ್ತಿದ್ದರು. ಅದಕ್ಕೆ ಯಾರೋ ದೂರು ಕೊಟ್ಟರು. ನಮ್ಮ ಮೇಡಂ ಆಕೆಯ ಪರವಾಗಿ ನಿಂತರು, ದೂರು ಅಲ್ಲಿಗೇ ನಿಂತಿತು.

ಕಾನೂನುಗಳು ಬಂದವು. ದೊಡ್ಡ ಆಂಟಿಬಯಾಟಿಕ್‌ಗಳನ್ನು ಮಾರುವ ಔಷಧದ ಅಂಗಡಿಯವರು ಡಾಕ್ಟರ್ ಮತ್ತು ರೋಗಿಯ ಹೆಸರು ಬರೆದ ಪ್ರತ್ಯೇಕ ರಿಜಿಸ್ಟರ್ ಇಡಬೇಕೆಂಬ ಶೆಡ್ಯೂಲ್ ಎಚ್-1 ನಿಯಮ 2014ರ ಮಾರ್ಚ್‌ನಲ್ಲಿ ಜಾರಿಯಾಯಿತು. 2016ರಲ್ಲಿ ಮಾತ್ರೆ ಪಟ್ಟಿಯ ಮೇಲಿನ ಕೆಂಪು ಗೆರೆಯ ಬಗ್ಗೆ ಪ್ರಚಾರ, 2017ರಲ್ಲಿ ರಾಷ್ಟ್ರೀಯ ಕಾರ್ಯಯೋಜನೆ. ಕೋಳಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು 2019ರಲ್ಲಿ ನಿಷೇಧಿಸಿದರು. ಕಾಲು ಕಳೆದುಕೊಂಡ ಆ ರೈತನಿಗೆ ಉಳಿದಿದ್ದ ಒಂದೇ ಔಷಧವನ್ನು ನಾವು ಅಲ್ಲಿಯವರೆಗೆ ಕೋಳಿಗಳ ತೂಕ ಹೆಚ್ಚಿಸಲು ಸುರಿಯುತ್ತಿದ್ದೆವು ಎಂಬುದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಮೆಡಿಕಲ್ ಕಾಲೇಜುಗಳ ವೈದ್ಯರಿಗೆ ಪತ್ರ ಬರೆದು, ಆಂಟಿಬಯಾಟಿಕ್ ಬರೆಯುವಾಗ ಅದಕ್ಕೆ ಕಾರಣವನ್ನೂ ಬರೆಯಬೇಕೆಂದು ಹೇಳಿದರು. ಓದಿ ನನಗೆ ಆ ರಬ್ಬರ್ ಸ್ಟಾಂಪಿನ ಕೊನೆಯ ಪದ ನೆನಪಾಯಿತು. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತಿದ್ದಾರೆ ಎಂದು ಲ್ಯಾನ್ಸೆಟ್ ಅಂದಾಜಿಸಿದೆ. ಪತ್ರಗಳು, ಪಟ್ಟಿಗಳು ಬೇಕು. ಅವು ಮಂಚದವರೆಗೆ ತಲುಪಲು ಮಾತ್ರ ಯಾರಾದರೂ ಕಾಲು ಹಾಕಲೇಬೇಕು.

ಥೀಸಿಸ್ ಮಾಡಿದ್ದಳಲ್ಲ, ಆ ಹುಡುಗಿ ಈಗ ಒಂದು ತಾಲ್ಲೂಕು ಆಸ್ಪತ್ರೆಯ ಡಾಕ್ಟರ್. ಆಗಾಗ ಫೋನ್ ಮಾಡುತ್ತಾರೆ. ಅಲ್ಲಿ ಕಲ್ಚರ್ ಮಾಡುವ ಸೌಲಭ್ಯವೇ ಇಲ್ಲ. ಈ ದೇಶದ ಬಹುಪಾಲು ರೋಗಿಗಳಿಗೆ ಮೊದಲ ಆಂಟಿಬಯಾಟಿಕ್ ಬರೆಯುವುದು ಇಂಥ ಕಡೆಗಳಲ್ಲೇ, ಔಷಧದ ಅಂಗಡಿಯ ಕೌಂಟರಿನಲ್ಲೇ. ಅಲ್ಲಿ ಮೂರನೇ ದಿನಕ್ಕೆ ನೋಡಲು ರಿಪೋರ್ಟೇ ಇರುವುದಿಲ್ಲ. ಪಟ್ಟು ಬಿಡದೆ ಓಡಾಡಿ, ಜಿಲ್ಲಾ ಲ್ಯಾಬಿಗೆ ಸ್ಯಾಂಪಲ್ ಕಳಿಸುವ ಏರ್ಪಾಡು ಮಾಡಿಕೊಂಡಿದ್ದಾರೆ. ದಿನವೂ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವ ಆಸ್ಪತ್ರೆಯ ಗಾಡಿಯಲ್ಲಿ ಒಂದು ಥರ್ಮೋಕೋಲ್ ಡಬ್ಬಿ.

“ಮೇಡಂ, ಮೂತ್ರದ ಸ್ಯಾಂಪಲ್ ಎಲ್ಲಾ ಮಿಕ್ಸೆಡ್ ಗ್ರೋತ್ ಅಂತ ವಾಪಸ್ ಬರ್ತಿದೆ” ಎಂದು ಕಳೆದ ತಿಂಗಳು ಕೇಳಿದರು. ಮೂತ್ರವನ್ನು ಎರಡು ಗಂಟೆಯೊಳಗೆ ಪ್ಲೇಟಿಗೆ ಹಾಕದಿದ್ದರೆ ಕೋಣೆಯ ಶಾಖಕ್ಕೆ ಎಲ್ಲ ಬ್ಯಾಕ್ಟೀರಿಯಾಗಳೂ ಬೆಳೆದು ರಿಪೋರ್ಟು ಕೆಡುತ್ತದೆ, ಆದ್ದರಿಂದ ಐಸ್ ಪ್ಯಾಕ್ ಹಾಕಿ ಎಂದೆ. ಬ್ಲಡ್ ಕಲ್ಚರ್ ಬಾಟಲಿಯನ್ನು ಮಾತ್ರ ಆ ಡಬ್ಬಿಗೆ ಸೇರಿಸಬೇಡಿ ಡಾಕ್ಟ್ರೇ, ತಣ್ಣಗಾದರೆ ರೋಗಾಣು ಸಾಯಬಹುದು, ಅದು ಹೊರಗೆ ಬೇರೆ ಚೀಲದಲ್ಲಿ ಹೋಗಲಿ ಎಂದೂ ಹೇಳಿದೆ. ರೋಗಿ ಈಗಾಗಲೇ ಯಾವ ಆಂಟಿಬಯಾಟಿಕ್ ತಿಂದಿದ್ದಾನೆ ಎಂದು ಚೀಟಿಯ ಮೇಲೆ ಬರೆಯುವುದನ್ನು ಅವರ ಸಿಸ್ಟರ್ ಬಿಟ್ಟಿದ್ದರು, ಅದನ್ನೂ ನೆನಪಿಸಿದೆ. “ಇನ್ನೇನಾದ್ರೂ ಬರೀಬೇಕಾ?” ಅಂದರು. ನಿಮ್ಮ ಫೋನ್ ನಂಬರ್ ಬರೀರಿ, ಬೆಳೆದದ್ದನ್ನು ಲ್ಯಾಬಿನ ಹುಡುಗರು ಆ ದಿನವೇ ನಿಮಗೆ ಹೇಳಬೇಕಲ್ಲ ಎಂದೆ.